ಹೆದರ್ ಗಿಡದ ಬಿಗುಮಾನ

ನಮ್ಮ ದಾಸವಾಳಕ್ಕೆ ಬಿಗುಮಾನ ಎಂಬುದೇ ಇಲ್ಲ. ಮುಂಗಾರು ಹಿಡಿದ ಮೇಲೆ ಪಕ್ಕದ ಮನೆಯಿಂದ ಒಂದು ಕಡ್ಡಿ ಮುರಿದು ತಂದು ಬೇಲಿ ಪಕ್ಕ ಚುಚ್ಚಿದರೆ ಮುಗಿಯಿತು. ಸ್ಕಾಟ್ಲೆಂಡಿನ ಹೆದರ್ ಹಾಗಲ್ಲ. ಗುಡ್ಡದ ಬಡ ಮಣ್ಣಿನಲ್ಲಿ ಗಾಳಿ-ಮಳೆಗೆ ಮೈಯೊಡ್ಡಿ, ಆಗಸ್ಟಿನಲ್ಲಿ ಬೆಟ್ಟಕ್ಕೆ ಬೆಟ್ಟವನ್ನೇ ನೇರಳೆ ಮಾಡುವ ಈ ಗಿಡ, ಕುಂಡಕ್ಕೆ ಬಂದ ಕೂಡಲೇ ಗಂಡಿನ ಕಡೆಯ ಬೀಗರಂತೆ ಷರತ್ತು ಹಾಕತೊಡಗುತ್ತದೆ. ಮಣ್ಣು ಹುಳಿ ಇರಬೇಕು, ಸುಣ್ಣ ಸೋಕಬಾರದು, ಗೊಬ್ಬರದ ಉಪಚಾರ ಬೇಡ, ನೀರು ಮಳೆಯದಾದರೆ ಸಂತೋಷ.

ಇದರ ಕಡ್ಡಿಯೋ, ಹೆಚ್ಚೆಂದರೆ 2 ಇಂಚು! ಜುಲೈ-ಆಗಸ್ಟಿನಲ್ಲಿ ಹೂಬಿಡದ ಎಳೆ ತುದಿಯನ್ನೇ ಹುಡುಕಿ ಚಿವುಟಿ, ಕೆಳಗಿನ ಪುಟಾಣಿ ಎಲೆಗಳನ್ನು ಬೆರಳಿನಲ್ಲಿ ಸವರಿ ತೆಗೆದು, ಮರಳು ಬೆರೆಸಿದ ಹುಳಿ ಮಣ್ಣಿನಲ್ಲಿ ಊರಬೇಕು. ಚಾಳೀಸು ಮರೆತುಬಂದವರು ಈ ಕೆಲಸಕ್ಕೆ ಕೈಹಾಕದಿರುವುದೇ ಕ್ಷೇಮ.

ಸೋಮಾರಿಗಳಿಗೆ (ನನ್ನ ಓಟು ಅವರಿಗೇ) ಇನ್ನೊಂದು ದಾರಿಯುಂಟು. ವಯಸ್ಸಾಗಿ ಬುಡ ಬೋಳಾದ ಗಿಡವನ್ನು ವಸಂತದಲ್ಲಿ ಬೇರುಸಮೇತ ಎತ್ತಿ, ಆಳದ ಗುಂಡಿಯಲ್ಲಿ ನಿಲ್ಲಿಸಿ, ತುದಿಗಳಷ್ಟೇ ಇಣುಕುವಂತೆ ಮಣ್ಣು ಮುಚ್ಚಿಬಿಡುವುದು. ಬೇಲಿಯಾಚೆಯಿಂದ ನೋಡಿದವರಿಗೆ ಏನೋ ಅನುಮಾನ ಬಂದೀತು, ಬರಲಿ. ಶರತ್ಕಾಲದ ಹೊತ್ತಿಗೆ ಅಗೆದರೆ, ಹೂತ ಕೊಂಬೆಗಳೆಲ್ಲ ಬೇರುಬಿಟ್ಟಿರುತ್ತವೆ. ಒಂದೊಂದನ್ನೇ ಕತ್ತರಿಸಿ ಕುಂಡಕ್ಕೆ ಹಾಕಿ, ಹಳೇ ಬುಡವನ್ನು ತಿಪ್ಪೆಗೆ ಎಸೆಯುತ್ತಾರೆ. ತಾಯಿಗಿಡಕ್ಕೆ ಇದು ಅನ್ಯಾಯವೇ. ಆದರೆ ಪುಣ್ಯಕ್ಕೆ, ಗಿಡಗಳು ಇನ್ನೂ ಕೋರ್ಟಿನ ಮೆಟ್ಟಿಲು ಹತ್ತಿಲ್ಲ.