ಸರ್ವೆ ಜನರು ಸುಖಿಗಳು

(ಶಿವಮೊಗ್ಗ–ತಾಳಗುಪ್ಪ ಹಾದಿಯ ಅರಸಾಳು ನಿಲ್ದಾಣ. ಚೀಲದ ಮೇಲೆ ಕೂತ ಶೀನಪ್ಪ. ಬೆಂಗಳೂರಿಂದ ಬಂದಿಳಿದ, ಕೂಲಿಂಗ್ ಗ್ಲಾಸಿನ ಸಾಹೇಬರು.)

ಸಾಹೇಬರು: ಯಜಮಾನ್ರೇ, ಇದೇನಾ ಮಾಲ್ಗುಡಿ ಸ್ಟೇಷನ್ನು?

ಶೀನಪ್ಪ: ಹೌದು ಮಾರಾಯ್ರೆ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಸೀರಿಯಲ್ ಶೂಟಿಂಗ್ ಮಾಡಿದ್ದು ಇಲ್ಲೇ. 2020ರಲ್ಲಿ ಹಳೇ ಕಟ್ಟಡ ಮ್ಯೂಸಿಯಂ ಆತು.

ಸಾಹೇಬರು: ಆಹಾ! ರೈಲು ಅಂದ್ರೆ ನಂಗೆ ಪ್ರಾಣ ಕಣ್ರೀ.

ಶೀನಪ್ಪ: ಅದ್ಕೇ ಕಾರಲ್ಲಿ ಬಂದ್ರಾ?

ಸಾಹೇಬರು: ರೈಲಿಗೆ ಕಾಯೋಕೆ ಟೈಮೆಲ್ಲಿ? ಓ, ಆ ಬೋಗಿ ಒಳಗೆ ಟೀ ಕೊಡ್ತಾರಂತೆ!

ಶೀನಪ್ಪ: ಹೂಂ. ಅದೊಂದು ಬೋಗಿ ಯಾವತ್ತೂ ಲೇಟಿಲ್ಲ. ನಿಂತಲ್ಲೇ ನಿಂತದೆ ನೋಡಿ.

ಸಾಹೇಬರು: ಮೊದ್ಲು ಇಲ್ಲಿ ಮೀಟರ್‌ಗೇಜ್ ಇತ್ತಲ್ವಾ?

ಶೀನಪ್ಪ: ಇತ್ತು. ಅದರ ಮೇಲೆ ರೈಲ್‌ಬಸ್ಸು, ಒಂದೇ ಡಬ್ಬಿ. ಬ್ರಾಡ್‌ಗೇಜ್ ಬಂತು. ಹಳಿ ಅಗಲ ಆತು, ರೈಲ್‌ಬಸ್ಸು ನಮ್ಮನ್ನ ಅಗಲಿ ಹೋತು.

ಸಾಹೇಬರು: ತಾಳಗುಪ್ಪದಿಂದ ಮುಂದೆ?

ಶೀನಪ್ಪ: ಹೊನ್ನಾವರಕ್ಕೆ ಸರ್ವೆ.

ಸಾಹೇಬರು: ಸರ್ವೆ ಆದ್ಮೇಲೆ?

ಶೀನಪ್ಪ: ಮತ್ತೆ ಸರ್ವೆ. ಸರ್ವೆ ಜನರೆಲ್ಲ ಸುಖವಾಗಿದಾರೆ ಬಿಡಿ.

ಸಾಹೇಬರು: ಹಳಿ ಮಾತ್ರ ಇಲ್ಲ?

ಶೀನಪ್ಪ: ಯಾಕಿಲ್ಲ? ಎಲೆಕ್ಷನ್ ಬಂದಾಗ ಭಾಷಣದಲ್ಲೇ ಘಟ್ಟ ಇಳಿದು, ಶರಾವತಿ ದಾಟಿ, ಸಮುದ್ರ ಮುಟ್ಟಿ ಬರ್ತದೆ. ಒಂದು ಮರಾನೂ ಬೀಳಲ್ಲ, ಒಂದು ಸ್ಲೀಪರ್ರೂ ಬೇಕಾಗಲ್ಲ!

ಸಾಹೇಬರು: ಅದಿರಲಿ, ನೀವು ಯಾವ ರೈಲಿಗೆ ಕಾಯ್ತಿದೀರಿ?

ಶೀನಪ್ಪ: ರೈಲಿಗಲ್ಲ ಸ್ವಾಮಿ. ನಿಮ್ಮ ಕಾರಲ್ಲಿ ಸಾಗರದ ತನಕ ಒಂದು ಸೀಟು ಇದ್ಯಾ ಅಂತ.

(ಓದುಗ ಮಹಾಶಯರೇ, ಅರಸಾಳಿಗೆ ಹೋದರೆ ಸೆಲ್ಫಿ ತೆಗೆದುಕೊಂಡ ಕೈಯಲ್ಲೇ ಒಂದು ಟಿಕೆಟ್ಟನ್ನೂ ತೆಗೆದುಕೊಳ್ಳಿ.)