ಬಟ್ಟೆಯೊಣಗಿಸುವ ಯಂತ್ರದ ಜ್ವರಚಿಕಿತ್ಸೆ

ಕೋಲಾರ ತಾಲ್ಲೂಕಿನ ಸುಗಟೂರಿನಲ್ಲಿ ಬಟ್ಟೆ ಒಣಗುವುದಕ್ಕೆ ಶಾಸ್ತ್ರಜ್ಞಾನದ ಅಗತ್ಯ ಎಂದೂ ಬಿದ್ದಂತಿಲ್ಲ; ಹೊಸಕೋಟೆಯನ್ನು ಕಟ್ಟಿದ ಇಲ್ಲಿನ ನಾಡಪ್ರಭುಗಳ ಪೇಟವಾಗಲಿ, ಇಂದಿನ ಟೊಮೆಟೊ ಬೆಳೆಗಾರನ ಪಂಚೆಯಾಗಲಿ, ಬಯಲುಸೀಮೆಯ ಬಿಸಿಲುಗಾಳಿಗೆ ಒಡ್ಡಿದರೆ ತಾನಾಗಿ ಒಣಗುತ್ತದೆ. ಆದರೆ ಊರಿನ ಮಗನೊಬ್ಬ ಅಮೆರಿಕದಲ್ಲಿ ನೆಲೆಸಿ, ಹೊರಗೆ ಬಟ್ಟೆ ಹರವುವುದನ್ನು ಅಂದಗೇಡೆಂದು ಭಾವಿಸುವ ಬಡಾವಣೆಯಲ್ಲಿ ಮನೆ ಕೊಂಡನೆಂದರೆ, ಮಿದ್ದೆಯ ಮೇಲಿನ ತಂತಿಯ ಕೆಲಸಕ್ಕೆ 240 ವೋಲ್ಟಿನ ಡ್ರೈಯರ್ ನೇಮಕವಾಗುತ್ತದೆ.

ಈ ಯಂತ್ರದಲ್ಲಿ ಬಟ್ಟೆ ತಿರುಗುವ ಉರುಳೆ, ಗಾಳಿಯನ್ನು ಕಾಯಿಸುವ ಸುರುಳಿತಂತಿ, ತೇವಗೊಂಡ ಗಾಳಿಯನ್ನು ನಾಲ್ಕಿಂಚಿನ ಕೊಳವೆಯ ಮೂಲಕ ಮನೆಯಾಚೆಗೆ ದಬ್ಬುವ ಫ್ಯಾನು ಇರುತ್ತವೆ. ಅದು ಮಿತಿಮೀರಿ ಕಾದಾಗ ಯಜಮಾನನ ಅನುಮಾನ ಮೊದಲು ಬೀಳುವುದು ಸುರುಳಿಯ ಮೇಲೆ. ಬಹುತೇಕ ಸಂದರ್ಭಗಳಲ್ಲಿ ತಪ್ಪಿತಸ್ಥನು ಶಾಖವಲ್ಲ, ಹೊರಹೋಗಲಾರದ ಗಾಳಿ. ಬಟ್ಟೆಯಿಂದುದುರುವ ಲಿಂಟ್ ಎಂಬ ನೂಲಿನ ಹೊಟ್ಟು ಜಾಲರಿಯಲ್ಲೂ ಕೊಳವೆಯ ತಿರುವುಗಳಲ್ಲೂ ಕಟ್ಟಿಕೊಂಡು, ಬಿಸಿ ಒಳಗೇ ಉಳಿದು, ಕೊನೆಗೆ ಥರ್ಮಲ್ ಫ್ಯೂಸ್, ಅಂದರೆ ಅತಿಶಾಖಕ್ಕೆ ಒಮ್ಮೆ ಪ್ರಾಣ ಕೊಟ್ಟು ಮತ್ತೆ ಏಳದ ಬಿಡಿಭಾಗ, ಸುಟ್ಟುಹೋಗುತ್ತದೆ. ಕೊಳವೆಯನ್ನು ನೋಡದೆ ಫ್ಯೂಸನ್ನಷ್ಟೇ ಬದಲಿಸುವ ಗೃಹಸ್ಥನು ಬಿಡಿಭಾಗದ ಅಂಗಡಿಗೆ ಕಾಯಂ ಗಿರಾಕಿಯಾಗುತ್ತಾನೆ. ಅದರ ಬದಲು ತಂತಿಯ ತುಂಡೊಂದನ್ನು ಬೆಸೆಯುವ ಜಾಣನಾದರೋ ಅಗ್ನಿಶಾಮಕ ದಳದ ಗಿರಾಕಿಯಾದಾನು. ಕಾಯಿಸಬೇಡವೆಂದು ಗುಂಡಿ ತಿರುಗಿಸಿದ ಮೇಲೂ ಯಂತ್ರ ಕಾಯುತ್ತಿದ್ದರೆ ಮಾತ್ರ ಸುರುಳಿ ಜೋತು ತನ್ನ ಲೋಹದ ಕವಚವನ್ನು ಮುಟ್ಟಿರುವ ಶಂಕೆ ನ್ಯಾಯವಾದದ್ದು. ಆಗ ಪ್ಲಗ್ ಕಿತ್ತು ಬಲ್ಲವರನ್ನು ಕರೆಯುವುದೇ ಪೌರುಷ.

ಕೋಲಾರ ಸೀಮೆಯಲ್ಲಿ ಹುಟ್ಟಿದವನಿಗೆ ಗಾಳಿಯ ದಾರಿಯ ಈ ಗುಟ್ಟು ಹೊಳೆಯದಿರುವುದೇ ಸೋಜಿಗ. ರೇಷ್ಮೆಗೂಡಿನ ಒಳಹುಳುವನ್ನು ಕೊಂದು ತೇವ ತೆಗೆಯಲು ಬಿಸಿಗಾಳಿಯನ್ನು ಹಾಯಿಸುವ ಇಲ್ಲಿನ ನೂಲುಬಿಚ್ಚುವವರು, ತೇವದ ಗಾಳಿಗೆ ದಾರಿ ಬಿಡದಿದ್ದರೆ ಗೂಡು ಬೆಂದೀತೇ ಹೊರತು ಒಣಗದೆಂಬುದನ್ನು ಯಾವ ಕೈಪಿಡಿಯನ್ನೂ ತೆರೆಯದೆ ಬಲ್ಲರು.

ಅಮೆರಿಕದ ಅಗ್ನಿಶಾಮಕ ಆಡಳಿತವು 2008ರಿಂದ 2010ರವರೆಗಿನ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 2,900 ಮನೆಗಳ ಬೆಂಕಿಗೆ ಡ್ರೈಯರನ್ನು ಹೊಣೆಮಾಡಿ, ಶುಚಿಗೊಳಿಸದಿರುವುದನ್ನೇ ಮುಖ್ಯ ಕಾರಣವೆಂದಿತು. ಈ ವಿಷಯವನ್ನು ಮಗನು ಊರಿನಿಂದ ಬಂದ ತಾಯಿಗೆ ತಿಳಿಸಿ, ಜಾಲರಿಯ ಹೊಟ್ಟು ಕಿಡಿ ಸೋಕಿದರೂ ಹತ್ತಿಕೊಳ್ಳುವುದೆಂದು ಎಚ್ಚರಿಸಿದರೆ, ಅದನ್ನು ದಿನವೂ ಬಿಡಿಸಿ ಡಬ್ಬಿಯಲ್ಲಿ ತುಂಬಿಡುತ್ತಿರುವ ಆಕೆ, ಹಾಗಾದರೆ ದೀಪದ ಬತ್ತಿಗೆ ಇದಕ್ಕಿಂತ ಒಳ್ಳೆಯದು ಸಿಗದೆಂದು ತೀರ್ಮಾನಿಸುತ್ತಾಳೆ.