ಅಶೋಕನ ಬೀಗರು

ಸಿಂಧನೂರು ಕಡೆಯ ಪ್ರತಿ ದೊಡ್ಡ ಮನೆತನದಲ್ಲೂ ಇತಿಹಾಸದ ಮಾಮಾ ಒಬ್ಬರು ಇದ್ದೇ ಇರುತ್ತಾರೆ. ಬಹುಮಟ್ಟಿಗೆ ನಿವೃತ್ತ ಮಾಸ್ತರು. ಪಿಂಚಣಿ ಶುರುವಾಗುತ್ತಲೇ ಇವರಿಗೆ ಅಶೋಕ ಚಕ್ರವರ್ತಿಯ ಜೊತೆ ಬೀಗತನ ಕುದುರಿಬಿಡುತ್ತದೆ. ದಸರಾ ಸೂಟಿಗೆ ಮಗಳು, ಅಳಿಯ, ಮೊಮ್ಮಕ್ಕಳು ಬಂದಿಳಿದರೋ, ಕ್ರೂಸರ್ ಗೊತ್ತುಮಾಡಿ "ನಾಳೆ ಮಸ್ಕಿ" ಎಂದು ಡಂಗುರ ಸಾರುತ್ತಾರೆ. ಮನೆಮಂದಿಗೆ ಮಸ್ಕಿ ಎಂದರೆ ಗುಡ್ಡದ ಮಲ್ಲಯ್ಯ. ಮಾಮಾಗೆ ಮಸ್ಕಿ ಎಂದರೆ ಬಂಡೆಯ ಮೇಲಿನ ಅಶೋಕನ ಶಾಸನದ ಎಂಟು ಸಾಲು. ಈ ವ್ಯತ್ಯಾಸವನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಹಾಗಾಗಿಯೇ ಗಾಡಿ ತುಂಬುತ್ತದೆ.

ಆರಕ್ಕೆ ಎಂದದ್ದು ಒಂಬತ್ತಕ್ಕೆ ಹೊರಡುತ್ತದೆ. ಖಡಕ್ ರೊಟ್ಟಿಯ ಗಂಟು, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು ಬುತ್ತಿ ಎಲ್ಲ ಹತ್ತಿದ ಮೇಲೆ ಉಳಿದ ಜಾಗದಲ್ಲಿ ಮನುಷ್ಯರು. ಇಷ್ಟೆಲ್ಲ ಇದ್ದರೂ ದಾರಿಯಲ್ಲಿ ಒಗ್ಗರಣಿ-ಮಿರ್ಚಿಗೆ ನಿಲ್ಲಿಸಲೇಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಹಸಿರು ಗದ್ದೆ ಕಂಡೊಡನೆ ಮಾಮಾ ಬಾಯಿ ತೆರೆಯುತ್ತಾರೆ. ಮಕ್ಕಳು ಇಯರ್‌ಫೋನ್ ಹಾಕಿಕೊಳ್ಳುತ್ತಾರೆ. ಸಿಕ್ಕಿಬೀಳುವವನು ಮುಂದಿನ ಸೀಟಿನ ಅಳಿಯ.

ಅಳಿಯನೂ ಸಾಮಾನ್ಯದವನಲ್ಲ, ಲಿಂಗಸುಗೂರಿನವನು. ನಿಜಾಮರ ಕಾಲದಲ್ಲಿ ಲಿಂಗಸುಗೂರು ಜಿಲ್ಲೆಯಾಗಿತ್ತು. 1905ರಲ್ಲಿ ಅದನ್ನು ರದ್ದು ಮಾಡಿದರು. ಆ ದುಃಖ ಅಲ್ಲಿಯವರಿಗೆ ಇನ್ನೂ ಇಳಿದಿಲ್ಲ. "ಮಸ್ಕಿ ಮೊನ್ನಿಮೊನ್ನಿತನಕ ನಮ್ಮ ತಾಲೂಕಿನಾಗ ಇತ್ತರಿ. ಅಶೋಕ ಅಂದ್ರ ನಮ್ಮಾಂವ" ಎನ್ನುತ್ತಾನೆ. "ಅಶೋಕ ಬಂದಾಗ ನಿಮ್ಮ ತಹಸೀಲು ಕಚೇರಿ ಎಲ್ಲಿತ್ತಪಾ?" ಎಂದು ಮಾಮಾ. ಇಬ್ಬರ ನಡುವೆ ಗೇರು ಹಾಕುವ ಡ್ರೈವರ್ ಮಾತ್ರ ನ್ಯಾಯಾಧೀಶನ ಗಾಂಭೀರ್ಯದಲ್ಲಿ ಕೂತಿರುತ್ತಾನೆ.

ಗುಡ್ಡದ ಬುಡದಲ್ಲಿ ನಿಜವಾದ ಕದನ. ಹೆಂಗಸರು ನೆರಳು ಹುಡುಕಿ ಜಮಖಾನೆ ಹಾಸುತ್ತಾರೆ. ಮಾಮಾ ಆಗ ಬೀಡನ್ ಸಾಹೇಬನನ್ನು ಕರೆತರುತ್ತಾರೆ. 1915ರಲ್ಲಿ ಬಂಗಾರದ ನಿಕ್ಷೇಪ ಹುಡುಕಿಕೊಂಡು ಈ ಸೀಮೆಯಲ್ಲಿ ತಿರುಗುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್, ಬಂಗಾರ ಹುಡುಕಲು ಹೋಗಿ ಅಶೋಕನನ್ನು ಕಂಡ ಕತೆ.

"ಬಂಗಾರ ಸಿಕ್ಕಿದ್ರ ನಾನೂ ಗುಡ್ಡ ಹತ್ತತಿದ್ದೆ" ಎಂದು ಅತ್ತಿ ಹಿಂಡಿಯ ಡಬ್ಬಿ ಬಿಚ್ಚುತ್ತಾರೆ.

ಮಾಮಾರ ಬತ್ತಳಿಕೆಯಲ್ಲಿ ಕೊನೆಯ ಬಾಣವೊಂದಿದೆ. ಶಾಸನದಲ್ಲಿ ಚಕ್ರವರ್ತಿಯೇ ಹೇಳಿಬಿಟ್ಟಿದ್ದಾನಂತೆ: ಧರ್ಮದಲ್ಲಿ ಮನಸ್ಸಿಟ್ಟರೆ ಸಣ್ಣವನಿಗೂ ಸಿದ್ಧಿ ಉಂಟು, ಅದು ದೊಡ್ಡವರ ಸೊತ್ತಲ್ಲ. "ಅದಕ್ಕ ಎಲ್ಲಾರೂ ಏಳ್ರಿ!" ಅಶೋಕ ಮೊಣಕಾಲು ನೋವಿನ ಬಗ್ಗೆ ಏನೂ ಬರೆಸದಿದ್ದುದರಿಂದ ಅತ್ತಿ ಏಳುವುದಿಲ್ಲ.

ಕಬ್ಬಿಣದ ಜಾಲರಿಯ ಮುಂದೆ ನಿಂತ ಮಾಮಾರನ್ನು ನೋಡಬೇಕು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ. ಬೇರೆ ಶಾಸನಗಳಲ್ಲೆಲ್ಲ 'ದೇವಾನಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಷ್ಟೇ ಇದ್ದು, ಆ ರಾಜನೇ ಅಶೋಕ ಎಂದು ಕಲ್ಲಿನಲ್ಲಿ ಮೊದಲು ಕಂಡದ್ದು ಇಲ್ಲಿ ಎನ್ನುವಾಗ ದನಿ ಕೊಂಚ ನಡುಗುತ್ತದೆ. ಬ್ರಾಹ್ಮಿಯಲ್ಲಿ ಅವರಿಗೆ ಬರುವುದು ಆ ಹೆಸರಿನ ಅಕ್ಷರಗಳು ಮಾತ್ರ. ಜಾಲರಿಯಾಚೆ ಬೆರಳು ಚಾಚಿ "ಅ... ಸೋ... ಕ" ಎಂದು ತೋರಿಸುತ್ತಾರೆ. ಮೂರನೇ ಈಯತ್ತೆಯ ಮೊಮ್ಮಗ 'ಕ' ನೋಡಿ, "ತಾತಾ, ಇದು ಕೂಡಿಸೋ ಲೆಕ್ಕ!" ಎಂದು ಕೂಗುತ್ತಾನೆ. ಬ್ರಾಹ್ಮಿಯ 'ಕ' ಅಪ್ಪಟ ಕೂಡಿಸುವ ಗುರುತೇ. ಅಷ್ಟು ಹೊತ್ತಿನ ಭಾಷಣದಲ್ಲಿ ಹುಡುಗನ ತಲೆಗೆ ಹೋದದ್ದು ಅದೊಂದೇ, ಆದರೆ ಹೋದದ್ದು ಗಟ್ಟಿಯಾಗಿ ಹೋಯಿತು.

ಅಷ್ಟರಲ್ಲಿ ಸೋದರಳಿಯನೊಬ್ಬ ಮೊಬೈಲು ತಿಕ್ಕಿ ವಿಘ್ನ ತರುತ್ತಾನೆ: "ಮಾಮಾ, ಹೆಸರು ನಿಟ್ಟೂರು, ಉದೆಗೋಳದಾಗೂ ಐತಂತ." ಹೊಳೆಯಾಚೆಯ ಸಿರುಗುಪ್ಪ ಸೀಮೆಯ ಊರುಗಳವು. ಮಾಮಾರ ಮುಖ, ಮದುವೆ ಮನೆಯಲ್ಲಿ ಹಳೆಯ ಜಗಳದ ದಾಯಾದಿಯನ್ನು ಕಂಡಂತಾಗುತ್ತದೆ. "ಅವು ಆಮ್ಯಾಲೆ ಸಿಕ್ಕಾವು" ಎಂದಷ್ಟೇ ಹೇಳಿ ಇಳಿಯತೊಡಗುತ್ತಾರೆ. ಆ ಮಾತು ಖರೇನೇ, ಆದರೆ ಅದಕ್ಕೆ ಅಷ್ಟು ಸಿಟ್ಟು ಬೇಕಿರಲಿಲ್ಲ.

ಕೆಳಗೆ ಎಣ್ಣೆಗಾಯಿ ಅರ್ಧ ಖಾಲಿ. ಊಟ, ಒಂದು ಜೊಂಪು, ಮಲ್ಲಯ್ಯನ ದರ್ಶನ. ಮಲ್ಲಯ್ಯನ ಮೆಟ್ಟಿಲು ಮಾತ್ರ ಅತ್ತಿ ಎಲ್ಲರಿಗಿಂತ ಮುಂದಾಗಿ ಹತ್ತುತ್ತಾರೆ. ಮಾಮಾ ನೋಡಿಯೂ ನೋಡದಂತಿರುತ್ತಾರೆ. ನಲವತ್ತು ವರ್ಷದ ಸಂಸಾರ.

ರಾತ್ರಿ ಮನೆಯ ವಾಟ್ಸಾಪ್ ಗುಂಪಿಗೆ ಸಂದೇಶ ಬೀಳುತ್ತದೆ: 'ಬರುವ ಐತಾರ ಮುದಗಲ್ ಕೋಟೆ. ಅಳಿಯಂದಿರ ತಾಲೂಕು, ಅವರೇ ಮಾರ್ಗದರ್ಶಕರು. ಬೆಳಿಗ್ಗೆ ಆರಕ್ಕೆ. ಹೆಣ್ಣುಮಕ್ಕಳ ಗಮನಕ್ಕೆ: ಅಲ್ಲಿ ಗುಡ್ಡ ಹತ್ತುವುದು ಇಲ್ಲ.'

ಮುದಗಲ್ ನೋಡಿದವರು ಯಾರೂ ಇದನ್ನು ನಂಬುವುದಿಲ್ಲ. ಅತ್ತಿ ಮಾತ್ರ ಎಷ್ಟು ರೊಟ್ಟಿ ಬೇಕೆಂದು ಕೇಳಿ ಹಿಟ್ಟಿನ ಡಬ್ಬಿ ಇಣುಕಿ ನೋಡುತ್ತಾರೆ.